ಶರೀಫಜ್ಜನ ಪದ, ಗಿಟಾರಿನ ತಂತಿ

‘ರಾಕ್’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸೀಮೆಯ ತಂದೆ-ತಾಯಿಗಳ ಹುಬ್ಬು ಗಂಟಿಕ್ಕುತ್ತದೆ. ಉದ್ದ ಕೂದಲು, ಹರಿದ ಪ್ಯಾಂಟು, ಕಿವಿ ಗಡಚಿಕ್ಕುವ ಸದ್ದು, ಓದಿಗೆ ಎಳ್ಳುನೀರು - ಇಷ್ಟೂ ಅವರಿಗೆ ಒಟ್ಟಿಗೇ ನೆನಪಾಗುತ್ತವೆ. ಮಕ್ಕಳನ್ನು ಕೇಳಿದರೆ ಅವರದು ಬೇರೆಯೇ ದೂರು. ಅಪ್ಪ-ಅಮ್ಮ ಕೇಳುವ ಭಾವಗೀತೆಗಳೆಲ್ಲ ಹಳೇ ಕಾಲದವು, ನಿದ್ದೆ ಬರಿಸುವಂಥವು! ಒಂದೇ ಮನೆಯ ಜಗುಲಿಯಲ್ಲಿ ಒಂದು ಕಡೆ ರೇಡಿಯೊ, ಇನ್ನೊಂದು ಕಡೆ ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನು. ನಡುವೆ ಮಾತಿಲ್ಲ.

ಈ ಎರಡೂ ಕಡೆಯವರ ನಡುವೆ ಒಬ್ಬ ಅಜ್ಜ ಕುಳಿತಿದ್ದಾರೆ. ಅವರು ಶಿಶುನಾಳ ಶರೀಫರು. ತಂದೆ ಕೇಳಿದ ಕ್ಯಾಸೆಟ್ಟಿನಲ್ಲೂ ಅವರ ಪದವಿದೆ, ಮಗ ಕೇಳುವ ರಾಕ್ ಆಲ್ಬಂನಲ್ಲೂ ಅವರದೇ ಪದವಿದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಎಂಬ ಗಾಯಕ 2008ರಲ್ಲಿ ಹೊರತಂದ ಆಲ್ಬಂನಲ್ಲಿ, ಹಿಂದಿ ಮತ್ತು ಇಂಗ್ಲಿಷ್ ಹಾಡುಗಳ ಜೊತೆಗೆ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಹಾಗೂ ‘ಸೋರುತಿಹುದು ಮನಿಯ ಮಾಳಿಗಿ’ ಎರಡೂ ಇವೆ. ಈ ಆಲ್ಬಂ ಎಲ್ಲಿಂದ ಬಂತು, ಅದನ್ನು ಯಾರು ಹೇಗೆ ಬರಮಾಡಿಕೊಂಡರು ಎಂಬುದನ್ನು ನೋಡಲು ನಾವು ಬೆಂಗಳೂರಿನಿಂದ ಹೊರಡಬೇಕಾಗಿಲ್ಲ. ನಮ್ಮ ಹೊಸನಗರ ತಾಲೂಕಿನ ನಗರದಿಂದಲೇ ಹೊರಡಬಹುದು.

ಕೆಳದಿಯ ಅರಸರು ಕೆಳದಿಯಿಂದ ಇಕ್ಕೇರಿಗೂ ಇಕ್ಕೇರಿಯಿಂದ ಬಿದನೂರಿಗೂ ರಾಜಧಾನಿ ಬದಲಿಸಿದರೆಂದು ಮಕ್ಕಳು ಇತಿಹಾಸದ ಪಾಠದಲ್ಲಿ ಓದುತ್ತಾರೆ. ಆ ಬಿದನೂರೇ ಇಂದಿನ ನಗರ. ಆ ಊರಿನಲ್ಲಿ 1938ರಲ್ಲಿ ಹುಟ್ಟಿದವರು ಮುಂದೆ ‘ಶಿವಮೊಗ್ಗ ಸುಬ್ಬಣ್ಣ’ ಎಂದು ನಾಡಿಗೆಲ್ಲ ಪರಿಚಿತರಾದ ಜಿ. ಸುಬ್ರಹ್ಮಣ್ಯಂ. ಓದಿದ್ದು ಕಾನೂನು, ಹಿಡಿದ ವೃತ್ತಿ ವಕೀಲಿಕೆ. ಕರಿ ಕೋಟು ಕಳಚಿದ ಮೇಲೆ ಹಾಡು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರ ಪ್ರಶಸ್ತಿ ಬಂತು. ಕನ್ನಡದ ಗಾಯಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಶರೀಫರ ‘ಕೋಡಗನ ಕೋಳಿ ನುಂಗಿತ್ತಾ’, ‘ಅಳಬೇಡ ತಂಗಿ’ ಎಂದರೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಅವರದೇ ಕಂಠ. ತೆರೆದ ಗಂಟಲು, ಹಿಂದೆ ತಬಲ, ಹಾರ್ಮೋನಿಯಂ, ಕೊಳಲು. ಮಾತು ಮುಂದೆ, ವಾದ್ಯ ಹಿಂದೆ. 2022ರಲ್ಲಿ ಸುಬ್ಬಣ್ಣ ತೀರಿಕೊಂಡರು.

ಶರೀಫರ ಬಗ್ಗೆ ಎರಡು ಮಾತು ಹೇಳಲೇಬೇಕು. ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ, ಕಣ್ಮುಚ್ಚಿದ್ದು 1889ರಲ್ಲಿ. ಕಳಸದ ಗೋವಿಂದಭಟ್ಟರು ಅವರ ಗುರುಗಳು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂಬ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಯಾರೂ ಹೇಳದ ಇನ್ನೊಂದು ಸಂಗತಿ ಇದೆ: ಶರೀಫರು ಕೆಲಕಾಲ ಶಾಲಾ ಮೇಷ್ಟ್ರಾಗಿದ್ದರು. (ನಮ್ಮ ಕಸುಬಿನವರೆಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.) ಅವರ ಪದಗಳು ಹಾಳೆಯ ಮೇಲೆ ಇದ್ದವಲ್ಲ, ಭಜನೆಯ ಮೇಳಗಳಲ್ಲಿ, ಏಕತಾರಿಯ ಜೊತೆಯಲ್ಲಿ, ಬಾಯಿಂದ ಬಾಯಿಗೆ ಬಂದವು. ಹಾಗೆ ಬಂದ ಹಾಡಿಗೆ ‘ಇದೇ ಸರಿಯಾದ ಧಾಟಿ’ ಎಂದು ಗೆರೆ ಎಳೆಯುವುದು ಕಷ್ಟ. ಊರಿಗೊಂದು ಧಾಟಿ ಇತ್ತು.

ಅದನ್ನು ಹೊಸ ಕಾಲಕ್ಕೆ ತಂದದ್ದು ಒಂದು ಯಂತ್ರ: ಕ್ಯಾಸೆಟ್ಟು. ಗ್ರಾಮಫೋನ್ ತಟ್ಟೆ ಮಾಡಿಸಲು ದೊಡ್ಡ ಕಂಪೆನಿಯ ಕಾರ್ಖಾನೆ ಬೇಕಿತ್ತು; ಕ್ಯಾಸೆಟ್ಟಿನ ಪ್ರತಿ ತೆಗೆಯಲು ಅಷ್ಟು ಬಂಡವಾಳ ಬೇಡ. 1978ರಲ್ಲಿ ಬಂದ ‘ನಿತ್ಯೋತ್ಸವ’ವನ್ನು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಕರೆಯುವ ವಾಡಿಕೆಯಿದೆ. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿಯವರದು. ನಮ್ಮ ಸಾಗರ ತಾಲೂಕಿನ ಜೋಗವನ್ನು ನಾಡಿನ ಬಾಯಲ್ಲೆಲ್ಲ ಕುಣಿಸಿದ್ದು ಅದೇ ಹಾಡು. ನಿಸಾರರು ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು ಎಂಬುದನ್ನು ನಮ್ಮ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು.

ಆಮೇಲೆ ಬಂದವರು ಸಿ. ಅಶ್ವತ್ಥ್. ಹುಟ್ಟಿದ್ದು 1939ರಲ್ಲಿ ಚನ್ನರಾಯಪಟ್ಟಣದಲ್ಲಿ. ಓದಿದ್ದು ವಿಜ್ಞಾನ, ಸುಮಾರು ಇಪ್ಪತ್ತೇಳು ವರ್ಷ ದುಡಿದದ್ದು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ. ಟೆಲಿಫೋನು ತಯಾರಾಗುವ ಜಾಗದಲ್ಲಿ ಹಗಲು, ಹಾಡು ತಯಾರಾಗುವ ಜಾಗದಲ್ಲಿ ಸಂಜೆ! ಶರೀಫರ ಪದಗಳಿಗೆ ಅವರು ಕೊಟ್ಟ ಸಂಗೀತ, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದಾಗಿ ಮನೆ ಮನೆ ತಲುಪಿತು. ಸುಬ್ಬಣ್ಣನವರಲ್ಲಿ ಹಿಂದೆ ನಿಂತಿದ್ದ ವಾದ್ಯಗಳು ಅಶ್ವತ್ಥರಲ್ಲಿ ಮುಂದೆ ಬಂದವು. ತಾರಕದ ಏರುದನಿ, ಸಮೂಹಗಾನ, ಹತ್ತಾರು ವಾದ್ಯಗಳ ಮೇಳ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನು ಬಲ್ಲವರು ಈಗಲೂ ನೆನೆಯುತ್ತಾರೆ.

ಇದನ್ನೆಲ್ಲ ಇಂದು ನಾವು ಶುದ್ಧ ಸಂಪ್ರದಾಯವೆಂಬಂತೆ ಕೇಳುತ್ತೇವೆ. ಆದರೆ ಅಂದು ಹಾಗಿರಲಿಲ್ಲ. ಕವಿತೆ ಇರುವುದು ಓದುವುದಕ್ಕೋ ಹಾಡುವುದಕ್ಕೋ ಎಂದು ಸಾಹಿತ್ಯದ ವಲಯದಲ್ಲಿ ದೊಡ್ಡ ಜಗಳವೇ ನಡೆಯಿತು. ವಾದ್ಯದ ಗದ್ದಲದಲ್ಲಿ ಅರ್ಥ ಕೊಚ್ಚಿಹೋಗುತ್ತದೆ ಎಂದು ಮೂಗು ಮುರಿದವರಿದ್ದರು. ಶರೀಫರ ಪದಕ್ಕೆ ಇಷ್ಟು ಅಬ್ಬರ ಬೇಕೆ ಎಂದು ನಮ್ಮ ಮನೆಗಳ ಹಿರಿಯರೂ ಕೇಳಿದ್ದರು. ಇಂದು ಗಿಟಾರಿನ ಮೇಲೆ ಹೊರಿಸುವ ಆರೋಪ ಅಕ್ಷರಶಃ ಇದೇ. ದೂರಿದವರು ಬದಲಾಗಿದ್ದಾರೆ, ದೂರು ಬದಲಾಗಿಲ್ಲ.

ಕನ್ನಡನಾಡಿನ ಸಂಗೀತ ರಾಕ್ ಜೊತೆ ಕೈಕುಲುಕಿದ್ದೂ 2008ರಲ್ಲೇ ಮೊದಲಲ್ಲ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆಯನ್ನು ಕಟ್ಟಿದರು. ಕಚೇರಿಯಲ್ಲಿ ಪಕ್ಕವಾದ್ಯವೆಂದು ಬದಿಗೆ ಕೂರುವ ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳನ್ನು ವೇದಿಕೆಯ ನಡುವಿಗೆ ತಂದವರು ಅವರು. ಜರ್ಮನಿಯಲ್ಲಿ ‘ಎಂಬ್ರಿಯೊ’ ಎಂಬ ಪ್ರಯೋಗಶೀಲ ರಾಕ್ ತಂಡವಿತ್ತು. ಅದರ ಸದಸ್ಯರು 1978-79ರಲ್ಲಿ ಬಸ್ಸಿನಲ್ಲಿ ನೆಲದ ದಾರಿಯಿಂದಲೇ ಭಾರತಕ್ಕೆ ಬಂದರು. ಆ ಬಳಗದಿಂದ ಹುಟ್ಟಿದ ‘ಡಿಸಿಡೆಂಟೆನ್’ ತಂಡ ಮಣಿಯವರ ಶಾಲೆಯ ಕಲಾವಿದರೊಂದಿಗೆ 1982ರಲ್ಲಿ ‘ಜರ್ಮನಿಸ್ತಾನ್’ ಎಂಬ ಆಲ್ಬಂ ಮಾಡಿತು. ಮರುವರ್ಷ, ಗಾಯಕಿ ಆರ್.ಎ. ರಮಾಮಣಿಯವರ ಕಂಠವೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ವಾದ್ಯವೂ ಕೂಡಿದ ‘ಜ್ಯೋತಿ’ ಜರ್ಮನಿಯಲ್ಲೇ ಧ್ವನಿಮುದ್ರಣಗೊಂಡಿತು. ಸಂಗೀತ ಬಲ್ಲ ಯುರೋಪಿನವರು ಅದನ್ನು ಕಿವಿಗೊಟ್ಟು ಕೇಳಿದರು. ನಮ್ಮ ಸಾಗರದ ಅಂಗಡಿಗಳಲ್ಲಿ ಮಾತ್ರ ಅದನ್ನು ಕಂಡ ನೆನಪು ನನಗಿಲ್ಲ.

ಬೆಂಗಳೂರಿನ ದಂಡಿನ ಪ್ರದೇಶದ ಕಾಲೇಜುಗಳಲ್ಲಿ ರಾಕ್ ತಂಡಗಳಿಗೆ ಕೊರತೆಯೇನೂ ಇರಲಿಲ್ಲ. 1996ರಲ್ಲಿ ಶುರುವಾದ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ತಂಡದಂತೆ ಸ್ವಂತ ಹಾಡು ಕಟ್ಟಿದವರೂ ಇದ್ದರು. ಆದರೆ ಅವರ ಭಾಷೆ ಇಂಗ್ಲಿಷು. ಕನ್ನಡದ ಹುಡುಗ ಗಿಟಾರು ಹಿಡಿದರೆ ಇಂಗ್ಲಿಷಿನಲ್ಲಿ ಹಾಡಬೇಕು, ಕನ್ನಡದಲ್ಲಿ ಹಾಡಿದರೆ ಹಾರ್ಮೋನಿಯಂ ಹಿಡಿಯಬೇಕು - ಇದು ಯಾರೂ ಬರೆದಿಡದ ಕಾನೂನು.

ರಘು ದೀಕ್ಷಿತ್ ಈ ಕಾನೂನನ್ನು ಮುರಿದವರು. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಅದರಲ್ಲೂ ಚಿನ್ನದ ಪದಕ. ಜೊತೆಗೆ ಭರತನಾಟ್ಯದಲ್ಲಿ ವಿದ್ವತ್. ಗಿಟಾರು ಕಲಿತದ್ದು ಕಾಲೇಜಿನ ಸಹಪಾಠಿಯ ಸವಾಲಿಗೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕೆಲಕಾಲ ಬೆಲ್ಜಿಯಂನಲ್ಲಿ ವಿಜ್ಞಾನಿಯಾಗಿ ಕೆಲಸ ಮಾಡಿ, ಅದನ್ನು ಬಿಟ್ಟು ಬಂದರು. ತೊಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ ‘ಅಂತರಾಗ್ನಿ’ ಎಂಬ ತಂಡ ಕೆಲವು ವರ್ಷಗಳ ನಂತರ ಒಡೆಯಿತು. ಆಮೇಲೆ ಬಂದದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’, ಅಂದರೆ ಬಂದುಹೋಗುವ ವಾದಕರಿಗೆ ಬಾಗಿಲು ತೆರೆದ ಮನೆ.

ಹಾಡು ಇತ್ತು, ಆಲ್ಬಂ ಇರಲಿಲ್ಲ. ಹಲವು ವರ್ಷ ಧ್ವನಿಮುದ್ರಣ ಕಂಪೆನಿಗಳ ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲ. ಕಂಪೆನಿಯವರ ಕಷ್ಟವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಕಪಾಟುಗಳಿರುತ್ತವೆ: ಚಿತ್ರಗೀತೆ, ಭಕ್ತಿಗೀತೆ, ಭಾವಗೀತೆ, ಶಾಸ್ತ್ರೀಯ, ಇಂಗ್ಲಿಷ್. ಮೂರು ಭಾಷೆಯ ಹಾಡು, ಅದರಲ್ಲಿ ಹತ್ತೊಂಬತ್ತನೆಯ ಶತಮಾನದ ತತ್ವಪದ, ಅದಕ್ಕೆ ಪಿಟೀಲು ಮತ್ತು ಗಿಟಾರು - ಇದನ್ನು ಯಾವ ಕಪಾಟಿನಲ್ಲಿ ಇಡುವುದು? ಸಸ್ಯವೋ ಪ್ರಾಣಿಯೋ ಎಂದು ತಿಳಿಯದ ಜೀವಿ ಸಿಕ್ಕಾಗ ನಮ್ಮ ಜೀವಶಾಸ್ತ್ರದ ಪುಸ್ತಕಗಳೂ ಹೀಗೇ ತಡವರಿಸಿವೆ! ಕೊನೆಗೆ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಮುಂಬಯಿಯಲ್ಲಿ ಇವರ ಹಾಡು ಕೇಳಿ, ತಾವೇ ಆರಂಭಿಸಿದ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಸಂಸ್ಥೆಯಿಂದ 2008ರ ಫೆಬ್ರುವರಿಯಲ್ಲಿ ಆಲ್ಬಂ ಹೊರತಂದರು. ಕನ್ನಡದ ತತ್ವಪದಕ್ಕೆ ಮುಂಬಯಿಯಲ್ಲಿ ಬಾಗಿಲು ತೆರೆಯಬೇಕಾಯಿತೆಂಬುದು ನಮಗೆ ಹೆಮ್ಮೆಯ ವಿಷಯವೇನಲ್ಲ.

ಇನ್ನು ಹಾಡುಗಳ ವಿಚಾರ. ರಾಕ್ ಎಂದರೆ ಬರೀ ಗದ್ದಲ ಎಂದು ನಂಬಿದವರಿಗೆ ಈ ಆಲ್ಬಂ ನಿರಾಶೆ ಮಾಡುತ್ತದೆ. ಇಲ್ಲಿ ಮರದ ಗಿಟಾರಿನ ನಾದ, ಪಿಟೀಲಿನ ಎಳೆತ, ಅದರ ಕೆಳಗೆ ಮಂದ್ರದ ಗಿಟಾರು ಮತ್ತು ಡ್ರಮ್ಮು. ವೇದಿಕೆಯ ಮೇಲೆ ರಘು ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ನಿಲ್ಲುತ್ತಾರೆ. ಗೆಜ್ಜೆ ಭರತನಾಟ್ಯದಿಂದ ಬಂದದ್ದು.

ಧಾಟಿಯಲ್ಲಿ ಆಗಿರುವ ನಿಜವಾದ ಬದಲಾವಣೆಯನ್ನು ಕೈ ತಟ್ಟಿಯೇ ತಿಳಿಯಬಹುದು. ಮಕ್ಕಳೇ, ಒಂದು-ಎರಡು-ಮೂರು-ನಾಲ್ಕು ಎಂದು ಎಣಿಸುತ್ತಾ ಹೋಗಿ. ಭಜನೆಯಲ್ಲಿ ನಾವು ಸಾಮಾನ್ಯವಾಗಿ ಒಂದು ಮತ್ತು ಮೂರಕ್ಕೆ ತಟ್ಟುತ್ತೇವೆ. ರಾಕ್ ಸಂಗೀತದ ಡ್ರಮ್ಮಿನವನು ಜೋರು ಪೆಟ್ಟು ಕೊಡುವುದು ಎರಡು ಮತ್ತು ನಾಲ್ಕಕ್ಕೆ. ಎಣಿಕೆ ಅದೇ, ಒತ್ತು ಮಾತ್ರ ಬೇರೆ. ಹೀಗೆ ತಟ್ಟಿ ನೋಡಿದರೆ ಕುಳಿತಲ್ಲೇ ಭುಜ ಅಲ್ಲಾಡತೊಡಗುತ್ತದೆ. ತರಗತಿಯಲ್ಲಿ ಇದನ್ನು ಮಾಡಿಸಿದಾಗ ಡೊಳ್ಳು ಬಾರಿಸುವ ಮನೆಯ ಹುಡುಗರು ಎಲ್ಲರಿಗಿಂತ ಬೇಗ ಹಿಡಿದುಕೊಂಡರು. ಗಣಿತದಲ್ಲಿ ಹಿಂದಿರುವವರೂ ಅವರಲ್ಲಿದ್ದರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ವಿದ್ಯುತ್ ಗಿಟಾರಿನ ಕಥೆ ಹತ್ತನೇ ತರಗತಿಯ ಪಾಠವೇ. ಉಕ್ಕಿನ ತಂತಿಯ ಕೆಳಗೆ ಪುಟ್ಟ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಮೀಟಿದಾಗ ಉಕ್ಕು ಕಂಪಿಸುತ್ತದೆ, ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್‌ಕಾಂತೀಯ ಪ್ರೇರಣೆ ಇದೇ. ಆ ಸಣ್ಣ ವಿದ್ಯುತ್ತನ್ನು ವರ್ಧಕ ದೊಡ್ಡದು ಮಾಡುತ್ತದೆ. ವರ್ಧಕಕ್ಕೆ ಅದರ ಶಕ್ತಿಗೆ ಮೀರಿ ಕೊಟ್ಟರೆ ಅಲೆಯ ತುದಿಗಳು ಕತ್ತರಿಸಿದಂತಾಗಿ, ಮೂಲ ಸ್ವರದ ಜೊತೆಗೆ ಅನೇಕ ಮೇಲ್ಸ್ವರಗಳು ಸೇರಿಕೊಳ್ಳುತ್ತವೆ. ಹಿರಿಯರಿಗೆ ‘ಕರ್ಕಶ’ ಎನಿಸುವ ಆ ಗುರುಗುಟ್ಟುವ ದನಿ ಹುಟ್ಟುವುದು ಹೀಗೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನ ಎಳೆ ಇಟ್ಟು ‘ಜೀವಾಳ’ ಕೂಡಿಸುತ್ತೇವಲ್ಲ, ಆಗಲೂ ತಂತಿ ಕುದುರೆಯನ್ನು ಸವರುತ್ತಾ ಕಂಪಿಸಿ ಮೇಲ್ಸ್ವರಗಳು ಅರಳುತ್ತವೆ. ಜೇನು ಹುಳುಗಳ ಝೇಂಕಾರದಂಥ ಆ ನಾದವನ್ನು ನಾವು ದೈವಿಕ ಎನ್ನುತ್ತೇವೆ. ದಾರಿ ಬೇರೆ, ಪ್ರಮಾಣ ಬೇರೆ. ಆದರೆ ಬರಿಯ ಸ್ವರ ಸಾಲದು, ಅದಕ್ಕೆ ಮೇಲ್ಸ್ವರದ ರುಚಿ ಬೇಕು ಎಂಬ ಆಸೆ ಎರಡು ಕಡೆಯೂ ಒಂದೇ.

ಅರ್ಥದ ಮಾತಿಗೆ ಬರೋಣ. ‘ಗುಡುಗುಡಿ’ ಪದ ಕೇಳಿ, ‘ಇದೇನು ಮೇಷ್ಟ್ರೇ, ಮಕ್ಕಳಿಗೆ ಹುಕ್ಕಾ ಸೇದಲು ಹೇಳಿಕೊಡುವ ಹಾಡು?’ ಎಂದು ಕೇಳಿದ ತಂದೆಯರಿದ್ದಾರೆ. ಅವರ ಆತಂಕ ಸಹಜ. ಹೊರಗೆ ಹುಕ್ಕಾ, ಒಳಗೆ ಈ ದೇಹ ಮತ್ತು ಮನಸ್ಸು. ಸುಡಬೇಕಾದದ್ದು ತಂಬಾಕಲ್ಲ, ನಮ್ಮೊಳಗಿನ ಕೆಟ್ಟತನ. ಬೆಡಗಿನ ಪದಗಳ ರೀತಿಯೇ ಹಾಗೆ: ಹೊರಗೊಂದು ಹೇಳಿ ಒಳಗೊಂದು ಇಡುವುದು. ಅರ್ಥ ಹೇಳದೆ ಬರೀ ತಾಳಕ್ಕೆ ಕುಣಿಸಿದರೆ ಆ ತಂದೆಯ ದೂರು ನಿಜವಾಗುತ್ತದೆ. ಈ ದೃಷ್ಟಿಯಿಂದ, ಹೊಸ ಹಾಡಿನಲ್ಲಿ ತಾಳ ಮೊದಲು ಕಿವಿಗೆ ಬೀಳುತ್ತದೆ, ಮಾತು ಆಮೇಲೆ. ಸುಬ್ಬಣ್ಣನವರಲ್ಲಿ ಮಾತೇ ಮೊದಲು. ಈ ನಷ್ಟವನ್ನು ನಾನು ಒಪ್ಪಿಕೊಳ್ಳುತ್ತೇನೆ.

‘ಮಾಳಿಗಿ’ ಪದದ ಕಷ್ಟ ಇನ್ನೊಂದು ಬಗೆಯದು. ಆಗುಂಬೆ, ಹುಲಿಕಲ್ಲುಗಳ ಮಳೆ ಕಂಡ ನಮ್ಮ ಮಕ್ಕಳಿಗೆ ಸೋರುವ ಮನೆ ಗೊತ್ತು. ಹಂಚು ಸರಿದರೆ ಹಂಚು ಸರಿಸಿದರಾಯಿತು. ಆದರೆ ಶರೀಫರ ಮಾಳಿಗಿ ಹಂಚಿನ ಇಳಿಜಾರು ಸೂರಲ್ಲ. ಬಯಲುಸೀಮೆಯಲ್ಲಿ ತೊಲೆ-ಜಂತಿಗಳ ಮೇಲೆ ಮಣ್ಣು ಹಾಕಿ ಗಟ್ಟಿಸಿದ ಚಪ್ಪಟೆ ಮೇಲ್ಮುದ್ದೆ ಅದು. ಬಿಸಿಲಿಗೆ ಬಿರುಕು ಬಿಟ್ಟದ್ದು ಮಳೆ ಬಂದಾಗಲೇ ತಿಳಿಯುವುದು. ಯಾರಾದರೂ ಮೇಲೆ ಹತ್ತಿ ಮಣ್ಣು ಮುಚ್ಚಬೇಕು. ಅಜ್ಞಾನದಿಂದ ಸೋರುತ್ತಿರುವ ಮನಸ್ಸನ್ನು ದುರಸ್ತಿ ಮಾಡುವ ಕೆಲಸವೂ ಹೊರಗಿನವರಿಂದ ಆಗುವಂಥದ್ದಲ್ಲ. ಇದನ್ನು ಹೇಳಿದ ಮೇಲೆ ಅದೇ ಹಾಡನ್ನು ಮತ್ತೆ ಹಾಕಿದರೆ ಮಕ್ಕಳು ಸುಮ್ಮನೆ ಕೇಳುತ್ತಾರೆ.

ಬಿಡುಗಡೆಯಾದ ಆಲ್ಬಂ ಮೊದಲು ಹಬ್ಬಿದ್ದು ಕಾಲೇಜು ಉತ್ಸವಗಳಲ್ಲಿ, ಎಫ್.ಎಂ.ನಲ್ಲಿ, ಹುಡುಗರ ಮೊಬೈಲುಗಳಲ್ಲಿ. 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ತಂಡ ಹಾಡಿತು. ಅದಾದ ಬೆನ್ನಿಗೇ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವ ಸಂಗೀತ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಬಂತು. ಹೊರಗಿನವರು ಬೆನ್ನು ತಟ್ಟಿದ ಮೇಲೆ ಮನೆಯವರು ತಿರುಗಿ ನೋಡುವುದು ನಮ್ಮ ಹಳೆಯ ಚಾಳಿ. ಅಷ್ಟು ಹೊತ್ತಿಗೆ ಕನ್ನಡ ಚಿತ್ರರಂಗವೂ ಅವರನ್ನು ಕರೆದುಕೊಂಡಿತ್ತು: ‘ಸೈಕೋ’, ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರಗಳಿಗೆ ಸಂಗೀತ ಅವರದೇ. 2013ರಲ್ಲಿ ಎರಡನೆಯ ಆಲ್ಬಂ ‘ಜಗ್ ಚಂಗಾ’ ಬಂತು. ಮೊದಲನೆಯದರ ಹಸಿವು ನನಗೆ ಅದರಲ್ಲಿ ಕಾಣಲಿಲ್ಲ. ಇದು ನನ್ನೊಬ್ಬನ ಅಭಿಪ್ರಾಯ. 2009ರಲ್ಲಿ ತನ್ನದೇ ಹೆಸರಿನ ಆಲ್ಬಂ ತಂದ ‘ಸ್ವರಾತ್ಮ’ ತಂಡವೂ ಇದೇ ದಾರಿಯದು. ಅವರ ‘ಈ ಭೂಮಿ’ ಕನ್ನಡದ್ದೇ ಹಾಡು.

ಹೆತ್ತವರ ಎರಡು ದೂರುಗಳಿಗೆ ಉತ್ತರ ಹೇಳದೆ ಹೋಗಲಾರೆ. ಮೊದಲನೆಯದು ಸದ್ದು. ಇದರಲ್ಲಿ ಅವರು ಹೇಳುವುದು ಸರಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಆದರೆ ಕಿವಿಗೆ ಶರೀಫರೂ ಒಂದೇ, ಯಕ್ಷಗಾನದ ಮೈಕೂ ಒಂದೇ, ಗಣಪತಿ ಪೆಂಡಾಲಿನ ಧ್ವನಿವರ್ಧಕವೂ ಒಂದೇ. ದೂರುವುದಾದರೆ ಎಲ್ಲವನ್ನೂ ದೂರೋಣ.

ಎರಡನೆಯದು ಓದು. ವಕೀಲ ಸುಬ್ಬಣ್ಣ, ಐ.ಟಿ.ಐ.ನ ಅಶ್ವತ್ಥ್, ಭೂವಿಜ್ಞಾನದ ನಿಸಾರ್, ಸೂಕ್ಷ್ಮಜೀವಿಗಳ ರಘು - ಈ ಪಟ್ಟಿಯಲ್ಲಿ ಓದು ಬಿಟ್ಟು ಹಾಡಿಗೆ ಬಂದವರು ಒಬ್ಬರೂ ಇಲ್ಲ. ಮೊದಲ ಮೂವರು ನೌಕರಿಯನ್ನೂ ಬಿಡಲಿಲ್ಲ. ನಾಲ್ಕನೆಯವರು ಬಿಟ್ಟರು, ಬಿಟ್ಟ ಮೇಲೆ ಆಲ್ಬಂ ಕೈಗೆ ಬರಲು ವರ್ಷಗಟ್ಟಲೆ ಕಾದರು. ಪ್ರಯೋಗಾಲಯ ಬಿಟ್ಟು ಗಿಟಾರು ಹಿಡಿಯಿರಿ ಎಂದು ನಾನು ಯಾವ ವಿದ್ಯಾರ್ಥಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಸಂಜೆ ಒಂದು ಗಂಟೆ ಗಿಟಾರು ನುಡಿಸುವ ಹುಡುಗಿಯ ಕೈಯಿಂದ ಅದನ್ನು ಕಿತ್ತುಕೊಳ್ಳಬೇಡಿ ಎಂದು ತಾಯಂದಿರಿಗೆ ಹೇಳಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ ಕೆಲವರು ಕಿತ್ತುಕೊಂಡರು. ಅಂಕಗಳೇನೂ ಅದರಿಂದ ಏರಿದ್ದು ಕಾಣಲಿಲ್ಲ.

ಭಾನುವಾರ ಬಿಡುವಿದ್ದರೆ ಮನೆಮಂದಿಯೆಲ್ಲ ಕುಳಿತು ಹೀಗೊಂದು ಕೆಲಸ ಮಾಡಬಹುದು. ಶರೀಫರ ಪದವನ್ನು ಮೊದಲು ಸುಬ್ಬಣ್ಣನವರ ಕಂಠದಲ್ಲಿ, ಆಮೇಲೆ ಅಶ್ವತ್ಥರ ಸಂಗೀತದಲ್ಲಿ, ಕೊನೆಗೆ ರಘು ಅವರ ಗಿಟಾರಿನೊಂದಿಗೆ ಕೇಳಿ. ಮೂರೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಮೊದಲನೆಯದಕ್ಕೆ ಮಕ್ಕಳು ಬಾಯಿ ಮುಚ್ಚಿಕೊಂಡಿರಬೇಕು, ಕೊನೆಯದಕ್ಕೆ ಹಿರಿಯರು. ಕೈ ತಟ್ಟಲು ಮಾತ್ರ ಎಲ್ಲರಿಗೂ ಅಪ್ಪಣೆಯಿದೆ. ಒಂದು ಮತ್ತು ಮೂರಕ್ಕೋ, ಎರಡು ಮತ್ತು ನಾಲ್ಕಕ್ಕೋ ಎಂಬುದನ್ನು ಮನೆಯವರೇ ಮಾತಾಡಿ ತೀರ್ಮಾನಿಸಿಕೊಳ್ಳಲಿ.